ಪುಟಕ್ಕೆ ಎರಡು ಟೀ

ಮೂಲೆಯ ಅಂಗಡಿಯಲ್ಲಿ ಟೀ ಬೆಲೆ ಏರಿದ ದಿನ ಆ ಅತ್ತೆ ಸೊಸೆಯ ದರವೂ ಏರುತ್ತಿತ್ತು. ಪುಸ್ತಕದ ಕರಡು ತಿದ್ದಿಕೊಡಲು ಅವರು ಕೇಳುತ್ತಿದ್ದುದು ಪುಟಕ್ಕೆ ಎರಡು ಟೀ. ಟೀ ತಂದುಕೊಡಬೇಕಾಗಿರಲಿಲ್ಲ, ಎರಡು ಟೀಯ ಬೆಲೆ ಕೊಟ್ಟರೆ ಸಾಕು. ಈ ಲೆಕ್ಕ ಅತ್ತೆ ಹಿಂದೆ ಕೆಲಸಕ್ಕಿದ್ದ ಪ್ರೆಸ್ಸಿನಿಂದ ಬಂದದ್ದು. ಅಲ್ಲಿ ಕರಡನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕೂತು ತಪ್ಪು ಹಿಡಿಯುವುದು ರೂಢಿಯಾಗಿತ್ತು. ಓದಿದವರಿಗೊಂದು ಟೀ, ಹಿಡಿದವರಿಗೊಂದು ಟೀ. ಪ್ರೆಸ್ಸು ಮುಚ್ಚಿ ಹೋಯಿತು, ಲೆಕ್ಕ ಉಳಿಯಿತು. ಅದರಲ್ಲಿ ಒಂದು ಅನುಕೂಲವೂ ಇತ್ತು. ದರ ಯಾಕೆ ಹೆಚ್ಚಿಸಿದಿರಿ ಎಂದು ಯಾರೂ ಅತ್ತೆಯ ಜೊತೆ ಜಗಳಕ್ಕೆ ಬರುವಂತಿರಲಿಲ್ಲ, ಟೀ ಅಂಗಡಿಯವನ ಹತ್ತಿರ ಹೋಗಬೇಕಾಗಿತ್ತು.

ಬರುತ್ತಿದ್ದವರೆಲ್ಲ ತಮ್ಮ ಪುಸ್ತಕವನ್ನು ತಾವೇ ದುಡ್ಡು ಹಾಕಿ ಅಚ್ಚು ಮಾಡಿಸುವವರು. ಕೆಲಸದಿಂದ ನಿವೃತ್ತರಾಗಿ ಆತ್ಮಕಥೆ ಬರೆದವರು, ಅಂಗಡಿಯನ್ನು ಮಗನಿಗೆ ಬಿಟ್ಟು ಪದ್ಯಕ್ಕೆ ಕೂತವರು, ಪ್ರಕಾಶಕರ ಬಾಗಿಲು ತಟ್ಟಿ ತಟ್ಟಿ ಬೆರಳು ನೋಯಿಸಿಕೊಂಡ ಕಾದಂಬರಿಕಾರರು. ಮುಖಪುಟದ ಚಿತ್ರಕ್ಕೆ ಕೇಳಿದಷ್ಟು ಕೊಡುತ್ತಿದ್ದರು. ಕಾಗದ ದಪ್ಪದ್ದೇ ಆಗಬೇಕು ಎನ್ನುತ್ತಿದ್ದರು. ಕರಡು ತಿದ್ದುವ ಮಾತು ಬಂದಾಗ ಮಾತ್ರ ಕೈ ಜೇಬಿನ ಹತ್ತಿರ ಹೋಗಿ ಹಿಂದಕ್ಕೆ ಬರುತ್ತಿತ್ತು. ಅವರನ್ನು ದೂರುವಂತೆಯೂ ಇಲ್ಲ. ಮುಖಪುಟ ಕಣ್ಣಿಗೆ ಕಾಣುತ್ತದೆ, ಕಾಗದ ಕೈಗೆ ತಾಗುತ್ತದೆ. ತೆಗೆದುಹಾಕಿದ ತಪ್ಪನ್ನು ಯಾರಿಗೆ ತೋರಿಸುವುದು? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಬರೆದವರಿಗಂತೂ ಅದು ಇತ್ತೆಂದೇ ಗೊತ್ತಿರುವುದಿಲ್ಲ. ಒಮ್ಮೆ ಪದ್ಯದವರೊಬ್ಬರು, ಸಕ್ಕರೆ ಇಲ್ಲದ ಟೀ ಆದರೆ ಎಷ್ಟಕ್ಕೆ ಬಿಡುತ್ತೀರಿ ಎಂದು ನಗುನಗುತ್ತಲೇ ಚೌಕಾಸಿ ಮಾಡಿದರು. ಸಕ್ಕರೆ ಬಿಟ್ಟರೂ ಬೆಲೆ ಅಷ್ಟೇ, ಬೇಕಿದ್ದರೆ ಅಂಗಡಿಯಲ್ಲೇ ವಿಚಾರಿಸಿ ನೋಡಿ ಎಂದು ಅತ್ತೆಯೂ ನಗುತ್ತಲೇ ಹೇಳಿ ಕಳಿಸಿದ್ದಳು. ಅವರು ಮರುದಿನ ಬಂದು ಪೂರ್ತಿ ಕೊಟ್ಟರು.

ಅತ್ತೆಯ ಕಣ್ಣಿನ ನಡುಭಾಗ ಮಸುಕಾಗಿ ಕೆಲವು ವರ್ಷಗಳಾಗಿದ್ದವು. ಬಾಗಿಲಲ್ಲಿ ಯಾರೋ ನಿಂತಿದ್ದಾರೆಂದು ತಿಳಿಯುತ್ತಿತ್ತು, ಮುಖ ತಿಳಿಯುತ್ತಿರಲಿಲ್ಲ. ಹಾಳೆ ಹಿಡಿದರೆ ನಾಲ್ಕು ಅಂಚು ಕಾಣುತ್ತಿದ್ದವು, ನಡುವಿನ ಅಕ್ಷರಗಳು ಕರಗಿಹೋಗುತ್ತಿದ್ದವು. ಇದನ್ನು ಅವಳು ಯಾರಿಂದಲೂ ಮುಚ್ಚಿಡುತ್ತಿರಲಿಲ್ಲ. ಇವಳು ಕಣ್ಣು, ನಾನು ಕಿವಿ, ಅದಕ್ಕೇ ಎರಡು ಟೀ ಎಂದು ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದಳು. ಕನ್ನಡದಲ್ಲಿ ಬರೆದದ್ದನ್ನು ಬರೆದ ಹಾಗೇ ಓದಿದರೆ ತಪ್ಪು ಕಿವಿಗೆ ತಾನಾಗಿ ಚುಚ್ಚುತ್ತದೆ ಎಂಬುದು ಅವಳ ಅನುಭವ.

ಕೆಲಸ ನಡೆಯುತ್ತಿದ್ದುದು ಮನೆಯ ಮುಂದಿನ ಕೋಣೆಯಲ್ಲಿ. ಕಿಟಕಿಯ ಪಕ್ಕ ಮೇಜು, ಮೇಜಿಗೆ ಸೊಸೆ. ಗೋಡೆಯ ಪಕ್ಕ ಹಿಡಿಯಿರುವ ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಸೊಸೆ ಗಟ್ಟಿಯಾಗಿ ಓದುವಳು, ಚಿಹ್ನೆಗಳನ್ನೂ ಬಿಡದೆ. ಕಾಮಾ, ಪೂರ್ಣವಿರಾಮ, ಹೊಸ ಪ್ಯಾರಾ. ಅತ್ತೆಯ ತೋರುಬೆರಳು ಕುರ್ಚಿಯ ಹಿಡಿಯಿಂದ ಮೇಲೆದ್ದರೆ ನಿಲ್ಲಿಸಬೇಕು, ಕೆಂಪು ಪೆನ್ನು ತೆಗೆಯಬೇಕು.

ಮದುವೆಯಾಗಿ ಬಂದಾಗ ಸೊಸೆಗೆ ಓದುವ ಅಭ್ಯಾಸವೇ ಇರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದ ಹುಡುಗಿ. ಅತ್ತೆಯ ಕಣ್ಣು ಕೈಕೊಟ್ಟಾಗ, ಬೇರೆ ಯಾರೂ ಸಿಗದೆ ಅವಳನ್ನೇ ಕೂರಿಸಿದ್ದು. ಆಗ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಒಂದೊಂದೇ ಅಕ್ಷರ ಹೆಕ್ಕಿ ಓದುತ್ತಿದ್ದಳು. ಒಂದು ಪುಟ ಮುಗಿಯುವುದರೊಳಗೆ ಇಬ್ಬರಿಗೂ ಬೆವರು. ಈಗ ಹಾಗಲ್ಲ. ಅವಳ ಓದು ನಲ್ಲಿಯಿಂದ ನೀರು ಬಿದ್ದ ಹಾಗೆ. ಬರೆದವರೇ ಕೂತು ಕೇಳಿ, ನಾನು ಇಷ್ಟು ಚೆನ್ನಾಗಿ ಬರೆದಿದ್ದೇನಾ ಎಂದು ಬೆರಗಾಗಿ ಹೋದದ್ದುಂಟು.

ತೊಂದರೆ ಶುರುವಾದದ್ದು ಟೀ ಮತ್ತೆ ಏರಿದಾಗ. ಡಿಟಿಪಿ ಅಂಗಡಿಯವನು, ಎಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸಿಕೊಡುವವನು, ಇವರಿಗೆ ಗಿರಾಕಿಗಳನ್ನು ಕಳಿಸುತ್ತಿದ್ದ. ಅವನು ಒಂದು ದಿನ ಸೊಸೆಯನ್ನು ನಿಲ್ಲಿಸಿ ತಿಳಿಹೇಳಿದ. ಜನ ಎರಡು ಟೀ ಅಂದ ಕೂಡಲೇ ಎದ್ದು ಹೋಗುತ್ತಿದ್ದಾರೆ, ನಿನಗೆ ಕಣ್ಣಿದೆ, ಭಾಷೆ ಪಳಗಿದೆ, ನೀನೊಬ್ಬಳೇ ಮನಸ್ಸಿನಲ್ಲೇ ಓದಿ ತಿದ್ದು, ಪುಟಕ್ಕೆ ಒಂದು ಟೀ ಅಂದರೆ ಸಾಲುಗಟ್ಟಿ ಬರುತ್ತಾರೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಗಟ್ಟಿಯಾಗಿ ಓದುವ ಹೊತ್ತಿನಲ್ಲಿ ಮನಸ್ಸಿನಲ್ಲಿ ಅದರ ಎರಡರಷ್ಟು ಓದಬಹುದು. ಲೆಕ್ಕ ಯಾವ ಕಡೆಯಿಂದ ಹಾಕಿದರೂ ಒಂದು ಟೀಯೇ ಲಾಭ.

ಸೊಸೆ ಇದನ್ನು ಊಟದ ಹೊತ್ತಿನಲ್ಲಿ ಮೆಲ್ಲಗೆ ಎತ್ತಿದಳು. ಅತ್ತೆ ತಟ್ಟೆಯ ಅಂಚನ್ನು ಬೆರಳಿಂದ ಹುಡುಕುತ್ತ, ಒಳ್ಳೇದೇ ಆಯಿತು, ಮಾಡು ಎಂದಳು. ಸೊಸೆಯ ಗಂಡ ಮೋಟಾರ್ ವೈಂಡಿಂಗ್ ಮಾಡುವವನು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವನ ಕಸುಬು. ಅವನಿಗೆ ಮಾತು ಎಲ್ಲಿ ಬೀಳುತ್ತದೆ ಎಂಬ ಎಚ್ಚರ ಕಡಿಮೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದು ನಕ್ಕ.

ಅತ್ತೆಗೆ ಗೊತ್ತಿತ್ತು. ಎರಡನೆಯ ಟೀ ಎಂದರೆ ತಾನು. ಅದು ಹೋದರೆ ಆ ಕುರ್ಚಿ ಅಲ್ಲೇ ಇರುತ್ತದೆ, ಅವಳೂ ಅದರಲ್ಲೇ ಕೂತಿರುತ್ತಾಳೆ, ಊಟಕ್ಕೆ ಕರೆದಾಗ ಏಳುತ್ತಾಳೆ. ಮನೆಯಲ್ಲಿ ಯಾರೂ ಒಂದು ಮಾತೂ ಅನ್ನುವುದಿಲ್ಲ. ಹೀಗೆ ಯಾರೂ ಏನೂ ಅನ್ನದಿರುವುದಕ್ಕೇ ಅವಳು ಹೆದರುತ್ತಿದ್ದಳು. ಆದರೆ ಸೊಸೆಯ ಲೆಕ್ಕ ಸರಿಯಿತ್ತು, ಸರಿಯಾದ ಲೆಕ್ಕವನ್ನು ತನಗೋಸ್ಕರ ತಪ್ಪು ಎನ್ನುವ ಹೆಂಗಸಲ್ಲ ಅವಳು.

ಹೊಸ ಕೆಲಸವನ್ನೆಲ್ಲ ಒಂದು ಟೀಗೆ ಒಪ್ಪಿಕೊಳ್ಳುವುದು, ಯಾರಾದರೂ ತಾವಾಗಿ ಎರಡು ಟೀ ಕೊಡುತ್ತೇವೆಂದರೆ ಮಾತ್ರ ಇಬ್ಬರೂ ಕೂರುವುದು ಎಂದು ಮಾತಾಯಿತು. ಅಂಥವರು ಯಾರೂ ಬರಲಾರರು ಎಂದು ಮೂವರಿಗೂ ಅನ್ನಿಸಿತ್ತು. ಆ ವಾರವೇ ಸಿಸ್ಟರ್ ಬಂದರು.

ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಈಗಲೂ ಸಿಸ್ಟರೇ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಒಂದು ಸಣ್ಣ ಪುಸ್ತಕ ಬರೆದಿದ್ದರು. ಹೇಗೆ ಮಗ್ಗುಲು ಬದಲಿಸಬೇಕು, ಹೇಗೆ ಸ್ನಾನ ಮಾಡಿಸಬೇಕು, ಗಂಜಿ ಕುಡಿಸುವಾಗ ತಲೆ ಎಷ್ಟು ಎತ್ತರವಿರಬೇಕು, ನೋಡಿಕೊಳ್ಳುವವರು ತಮ್ಮ ಸೊಂಟವನ್ನು ಹೇಗೆ ಕಾಪಾಡಿಕೊಳ್ಳಬೇಕು. ವಾಕ್ಯಗಳು ಚಿಕ್ಕವು, ಆಜ್ಞೆಯ ಹಾಗೆ. ಉಳಿತಾಯದ ದುಡ್ಡಿನಲ್ಲಿ ಅಚ್ಚು ಹಾಕಿಸಿ, ಅಂಥ ಮನೆಗಳಿಗೆ ಹಂಚುವುದು ಅವರ ಆಸೆ.

ಎರಡೂ ದರ ಕೇಳಿ ಅವರು, ಇಬ್ಬರ ಕೆಲಸ ಒಬ್ಬಳೇ ಮಾಡಿ ಸವೆದವಳು ನಾನು, ಒಂದು ಪುಟ ಓದೋಕೆ ಇಬ್ಬರು ಯಾಕೆ ಎಂದರು. ಅತ್ತೆ, ಕುರ್ಚಿ ಬಿಡುವ ಮೊದಲು ಒಂದು ಕೈ ನೋಡೋಣ ಎಂದುಕೊಂಡಳೋ ಏನೋ.

"ಸಿಸ್ಟರ್, ಇಂಜೆಕ್ಷನ್ ಕೊಡೋ ಮುಂಚೆ ಬಾಟ್ಲಿಯನ್ನ ಇನ್ನೊಬ್ಬರಿಗೆ ತೋರಿಸ್ತಿದ್ರಾ?"

"ತೋರಿಸಲೇಬೇಕು, ಅಕ್ಕ. ಅದು ನಿಯಮ."

"ಅವರಿಗೂ ಸಂಬಳ ಇತ್ತಲ್ವಾ?"

ಸಿಸ್ಟರ್ ಚೀಲದ ಜಿಪ್ ಎಳೆದು ಎರಡು ಟೀಗೇ ಮುಂಗಡ ಕೊಟ್ಟರು. ಅವರು ಹೋದ ಮೇಲೆ ಅತ್ತೆ ಕುರ್ಚಿಯ ಹಿಡಿಯನ್ನು ಸೆರಗಿನಿಂದ ಒರೆಸಿದಳು.

ಮೊದಲ ಕರಡನ್ನು ಇಬ್ಬರೂ ಕೂತು ಮುಗಿಸಿದರು. ಸೊಸೆಗೆ ಪುಸ್ತಕ ಹಿಡಿಸಿತು. ಬಟ್ಟೆ ಅಂಗಡಿಯ ಹಳೆಯ ಗೆಳತಿಯೊಬ್ಬಳ ಅಪ್ಪ ಮಲಗಿದಲ್ಲೇ ಆಗಿದ್ದರು. ಬೆನ್ನಿನ ಆರೈಕೆಯ ಅಧ್ಯಾಯವನ್ನು ಅವಳಿಗೆ ಫೋನಿನಲ್ಲಿ ಓದಿ ಹೇಳಿದಳು, ಒಂದೆರಡು ಸಲ ಅಲ್ಲ, ಅವಳು ಕೇಳಿದಾಗಲೆಲ್ಲ. ತಿದ್ದುಪಡಿಗಳು ಡಿಟಿಪಿ ಅಂಗಡಿಗೆ ಹೋಗಿ ಎರಡನೆಯ ಕರಡು ಬಂತು. ಅದನ್ನೂ ಸೊಸೆ ಗಟ್ಟಿಯಾಗಿ ಓದಿದಳು, ಅತ್ತೆ ಕೇಳಿದಳು. ಬೆರಳು ಎಲ್ಲೋ ಒಂದೆರಡು ಕಡೆ ಎದ್ದಿತು, ಅಷ್ಟೇ. ಇಷ್ಟು ಶುದ್ಧವಾದ ಕರಡನ್ನು ಪ್ರೆಸ್ಸಿನಲ್ಲೂ ಕೇಳಿರಲಿಲ್ಲ ಎಂದು ಅತ್ತೆ ಅಂದಳು. ಸಿಸ್ಟರ್ ಬಾಕಿ ಕೊಟ್ಟರು. ಪುಸ್ತಕ ಅಚ್ಚಾಗಿ, ಅಂಟು ಆರುವ ಮೊದಲೇ ಒಂದು ಪ್ರತಿಯನ್ನು ತಾವೇ ತಂದುಕೊಟ್ಟು, ನನ್ನ ಪರಿಚಯದವರಿಗೆಲ್ಲ ನಿಮ್ಮಿಬ್ಬರ ಹೆಸರು ಹೇಳುತ್ತೇನೆ ಎಂದು ಹೋದರು. ಭಾನುವಾರ ಒಂದು ಸಭೆ ಇಟ್ಟುಕೊಂಡಿದ್ದರು. ಹಾಸಿಗೆ ಹಿಡಿದವರ ಮನೆಯವರು ಬರುತ್ತಾರೆ, ಅಲ್ಲೇ ಹಂಚುವುದು.

ಅತ್ತೆ ಆ ಪ್ರತಿಯನ್ನು ಮಡಿಲಲ್ಲಿಟ್ಟುಕೊಂಡು ಅಂಚು ಸವರುತ್ತಿದ್ದಳು. ಸಿಸ್ಟರ್ ಹೇಳಿದವರು ನಾಲ್ಕು ಜನ ಬಂದರೂ ಎರಡನೆಯ ಟೀ ಇನ್ನಷ್ಟು ದಿನ ಉಳಿಯುತ್ತದೆ.

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು. ಮಗ ಅಂಗಡಿ ಮುಚ್ಚಿ, ಮೈಯೆಲ್ಲ ವಾರ್ನಿಶ್ ವಾಸನೆ ಹೊತ್ತುಕೊಂಡು ಮನೆಗೆ ಬಂದು ನೆಲದ ಮೇಲೆ ಉರುಳಿದ್ದ. ಸೊಸೆ ಒಂದು ಟೀಯ ಕರಡನ್ನು ಕೊಡಲು ಡಿಟಿಪಿ ಅಂಗಡಿಗೆ ಹೋಗಿದ್ದಳು. ಅತ್ತೆಗೆ ಅಚ್ಚಾದ ಪುಸ್ತಕವನ್ನು ಒಮ್ಮೆ ಕೇಳುವ ಆಸೆಯಾಯಿತು, ಕೆಲಸಕ್ಕಲ್ಲ, ಸುಮ್ಮನೆ. ಮಗನಿಗೆ ಓದು ಎಂದಳು. ಅವನು ಮೊದಲು ಬೇಡವೆಂದ. ಮೋಟಾರಿನ ಮೇಲಿನ ಹೆಸರಿನ ತಗಡು ಬಿಟ್ಟರೆ ನಾನು ಏನನ್ನೂ ಓದಿದವನಲ್ಲ ಅಂದ. ಆದರೂ ಅಮ್ಮ ಕೇಳಿದ್ದು ಅಪರೂಪಕ್ಕೆ ಎಂದು ಪುಸ್ತಕ ತೆಗೆದುಕೊಂಡು, ಕೈಗೆ ಬಂದ ಪುಟ ಬಿಚ್ಚಿದ.

ಅವನ ಓದು ಹಳ್ಳ ತಿಟ್ಟಿನ ರಸ್ತೆಯಲ್ಲಿ ಲಾರಿ ಹೋದ ಹಾಗೆ. ಬೆ, ನ್ನಿ, ಗೆ ಎಂದು ಬಿಡಿಸಿ, ಮುಂದಿನ ಪದ ಏನಿರಬಹುದೆಂಬ ಊಹೆಯೇ ಇಲ್ಲದೆ, ಪ್ರತಿ ಅಕ್ಷರವನ್ನೂ ಇಳಿದು ನೋಡಿ ಹತ್ತುತ್ತಿದ್ದ. ಅತ್ತೆ ನಗು ತಡೆದುಕೊಂಡು ಕೇಳುತ್ತಿದ್ದಳು. ಬೆನ್ನಿಗೆ ಎಣ್ಣೆ ಹಚ್ಚಿ. ಅಂಗೈಯಿಂದ ಮೆಲ್ಲಗೆ ಉಜ್ಜಿ. ಪುಟ ಮುಗಿಯಿತು. ಅವನು ಹಾಳೆ ತಿರುಗಿಸಿದ. ಆಮೇಲೆ ಹಾಸಿಗೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆಯಿರಿ.

ಬೆರಳು ಎದ್ದಿತು.

"ನಡುವೆ ಒಂದು ಸಾಲು ಬಿಟ್ಟೆ."

"ಬಿಟ್ಟಿಲ್ಲಮ್ಮ."

"ಬಿಟ್ಟಿದ್ದೀಯ. ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದ. ಮತ್ತೊಂದು ಸಲವೂ ಓದಿದ. ಕೊನೆಗೆ, ಇಲ್ಲದ್ದನ್ನು ನಾನು ಎಲ್ಲಿಂದ ತಂದು ಓದಲಿ ಎಂದು ಬೇಸರದಿಂದ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿದ. ಅತ್ತೆ ಅದನ್ನು ಮುಖದ ಹತ್ತಿರ ಹಿಡಿದು, ಓರೆಯಾಗಿ ತಿರುಗಿಸಿ, ಕಣ್ಣಿನ ಮೂಲೆಯಿಂದ ನೋಡಲು ಪ್ರಯತ್ನಿಸಿದಳು. ಆಗಲಿಲ್ಲ.

ಸೊಸೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಆ ಎರಡು ಪುಟ ಓದು ಎಂದಳು ಅತ್ತೆ. ಸೊಸೆ ನಿಂತಲ್ಲೇ ಪುಸ್ತಕ ಹಿಡಿದು ಸರಾಗವಾಗಿ ಓದಿದಳು. ಬೆನ್ನಿಗೆ ಎಣ್ಣೆ ಹಚ್ಚಿ, ಅಂಗೈಯಿಂದ ಮೆಲ್ಲಗೆ ಉಜ್ಜಿ, ಚರ್ಮ ಕೆಂಪಾದ ಕಡೆ ಮಾತ್ರ ಉಜ್ಜಬೇಡಿ, ಹಾಳೆ ತಿರುಗಿತು, ಆಮೇಲೆ ಹಾಸಿಗೆಯ ಬಟ್ಟೆಯನ್ನು.

"ಇದೆಯಲ್ಲ" ಎಂದಳು ಅತ್ತೆ, ಮಗನ ಕಡೆ ತಿರುಗಿ.

ಮಗ ಎದ್ದು ಬಂದು ಹೆಂಡತಿಯ ಭುಜದ ಮೇಲಿಂದ ಬಗ್ಗಿ ನೋಡಿದ. "ಕೆಂಪಾದ ಕಡೆ ಅಂದ್ಯಲ್ಲ, ಎಲ್ಲಿದೆ ತೋರಿಸು."

ಸೊಸೆ ಬೆರಳಿಟ್ಟು ತೋರಿಸಲು ಹೋದಳು. ಪುಟದ ತಳದಲ್ಲಿ, ಬೆನ್ನಿನ ಚಿತ್ರದ ಕೆಳಗೆ, ಬೆರಳಿಡಲು ಏನೂ ಇರಲಿಲ್ಲ. ಮೇಲಿನಿಂದ ಕೆಳಗೆ ನೋಡಿದಳು, ಮುಂದಿನ ಪುಟದ ತಲೆಯಲ್ಲಿ ನೋಡಿದಳು. ಬಾಯಲ್ಲಿ ಈಗಷ್ಟೇ ಇದ್ದ ಸಾಲು ಕಾಗದದಲ್ಲಿ ಇರಲಿಲ್ಲ.

ಆದದ್ದೇನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡನೆಯ ಕರಡಿಗೆ ಮುಂಚೆ ಡಿಟಿಪಿ ಅಂಗಡಿಯವನು ಆ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿದ್ದ. ಕೊನೆಯ ಸಾಲು ಚಿತ್ರದ ಅಡಿಗೆ ಸರಿದು ಮಾಯವಾಗಿತ್ತು. ಸೊಸೆಗೆ ಆ ಅಧ್ಯಾಯ ಬಾಯಿಪಾಠ. ಹಾಳೆ ತಿರುಗಿಸುವಾಗ ಕಣ್ಣಿಗೆ ಸಾಲು ಸಿಗದಿದ್ದರೂ ನಾಲಿಗೆ ತುಂಬಿಕೊಟ್ಟಿತ್ತು. ಕೇಳುವ ಕಿವಿಗೆ ಎಲ್ಲ ಸರಿಯಾಗಿಯೇ ಕೇಳಿತ್ತು. ಅಕ್ಷರ ಹೆಕ್ಕಿ ಓದುತ್ತಿದ್ದ ಕಾಲದಲ್ಲಾಗಿದ್ದರೆ ಈ ತಪ್ಪು ಅವಳಿಂದ ಆಗುತ್ತಲೇ ಇರಲಿಲ್ಲ.

ಮಗ ವ್ಯವಹಾರದ ಮಾತಾಡಿದ. ಸಿಸ್ಟರಿಗೆ ಗೊತ್ತಾಗಿಲ್ಲ, ಬರೆದವರು ಅಚ್ಚಾದದ್ದನ್ನು ಓದುವುದಿಲ್ಲ, ನೀವು ಹೋಗಿ ಹೇಳಿದರೆ ಇರುವ ಹೆಸರೂ ಹೋಗುತ್ತದೆ ಎಂದ. ಅವನು ಕೆಟ್ಟವನಲ್ಲ. ಮನೆ ನಡೆಸಬೇಕಾದವರು ಮೊದಲು ಯೋಚಿಸುವುದನ್ನೇ ಯೋಚಿಸಿದ. ಅತ್ತೆ ಸೊಸೆಯನ್ನು ಒಂದೇ ಮಾತು ಕೇಳಿದಳು.

"ಆ ಸಾಲಿಲ್ಲದೆ ಓದಿದವರು ಏನು ಮಾಡ್ತಾರೆ?"

"ಉಜ್ಜುತ್ತಾರೆ" ಎಂದಳು ಸೊಸೆ. ಗೆಳತಿಯ ಅಪ್ಪನ ಬೆನ್ನು ಅವಳ ಕಣ್ಣ ಮುಂದೆ ಬಂದಿರಬೇಕು. "ಕೆಂಪಾಗಿದ್ದರೆ ಇನ್ನೂ ಜೋರಾಗಿ ಉಜ್ಜುತ್ತಾರೆ. ಚರ್ಮ ಕಿತ್ತು ಬರುತ್ತೆ, ಅತ್ತೆ."

ಅತ್ತೆ ಚಪ್ಪಲಿ ಎಲ್ಲಿದೆ ಎಂದು ಕಾಲಲ್ಲಿ ತಡಕಿದಳು.

ಸಿಸ್ಟರ್ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕದ ಕಟ್ಟುಗಳು ಗೋಡೆಗೆ ಒರಗಿ ಕೂತಿದ್ದವು. ಹೊಸ ಕಾಗದದ ವಾಸನೆ. ಸಿಸ್ಟರ್ ಇಬ್ಬರನ್ನೂ ಕಂಡು ಸಂತೋಷಪಟ್ಟು, ಕುರ್ಚಿಯ ಮೇಲಿನ ಮಡಿಸದ ಬಟ್ಟೆ ಎತ್ತಿ ಕೂರಿಸಿದರು. ಅತ್ತೆ ಪೀಠಿಕೆ ಹಾಕಲಿಲ್ಲ. ಒಂದು ಸಾಲು ಬಿದ್ದುಹೋಗಿದೆ, ನಾವು ಹಿಡಿಯಲಿಲ್ಲ ಎಂದಳು. ಯಾವ ಸಾಲು ಎಂದು ಸೊಸೆ ಹೇಳಿದಳು.

ಸಿಸ್ಟರ್ ಕನ್ನಡಕ ಹಾಕಿಕೊಂಡು ಆ ಪುಟ ತೆಗೆದರು. ತುಂಬ ಹೊತ್ತು ಅದನ್ನೇ ನೋಡಿದರು. ಮುಖದಲ್ಲಿದ್ದ ಸಂತೋಷ ಒಂದೇ ಸಲಕ್ಕೆ ಹೋಗಲಿಲ್ಲ, ಒದ್ದೆ ಬಟ್ಟೆಯಿಂದ ನೀರು ಇಳಿದ ಹಾಗೆ ಇಳಿಯಿತು.

"ಬಾಟ್ಲಿ ನೋಡೋ ಎರಡನೇ ನರ್ಸು ನೀವೇ ಅಂದಿದ್ರಿ, ಅಕ್ಕ" ಎಂದರು.

"ಅಂದಿದ್ದೆ."

"ಎರಡು ಟೀ ಕುಡಿದ್ರಿ."

"ಕುಡಿದ್ವಿ. ಎರಡನೇದು ನಂದು, ಅದನ್ನ ಪೂರ್ತಿ ವಾಪಸ್ ಕೊಡ್ತೀನಿ."

ಸೊಸೆ ತಡೆದಳು. ಬಾಯಿ ನನ್ನದು, ತಪ್ಪು ನನ್ನದು, ಕಿವಿಗೆ ಬಿದ್ದದ್ದನ್ನು ಅವರು ಕೇಳಿದರು, ಕೊಡುವುದಾದರೆ ಮೊದಲನೆಯ ಟೀ ಕೊಡುತ್ತೇನೆ ಎಂದಳು. ಅತ್ತೆ ಒಪ್ಪಲಿಲ್ಲ. ಕಾವಲಿಗೆ ಕೂತವಳು ನಾನು ಎಂದಳು. ಯಾವ ಟೀ ಎಂಬುದರ ಮೇಲೆ ಇಬ್ಬರೂ ಪರರ ಮನೆಯಲ್ಲಿ ಚೌಕಾಸಿಗೆ ನಿಂತರು, ಇಬ್ಬರೂ ಕೊಡುವ ಕಡೆಯವರೇ. ಸಿಸ್ಟರ್ ಕೈ ಎತ್ತಿ ಸುಮ್ಮನಾಗಿಸಿದರು. ವಾರ್ಡಿನಲ್ಲಿ ಎತ್ತುತ್ತಿದ್ದ ಕೈ ಅದು.

"ಆ ಒಂದು ಪುಟದ ಎರಡು ಟೀ ವಾಪಸ್ ಕೊಡಿ. ಮಿಕ್ಕ ಪುಟ ಸರಿಯಾಗಿದೆಯಲ್ಲ, ಅದಕ್ಯಾಕೆ ಕೊಡ್ತೀರಿ."

ಸೊಸೆ ಪರ್ಸು ತೆಗೆದು ಕೊಟ್ಟಳು. ಸಿಸ್ಟರ್ ಬೇಡವೆನ್ನಲಿಲ್ಲ, ತೆಗೆದುಕೊಂಡು ಡಬ್ಬಿಗೆ ಹಾಕಿದರು. ಆಮೇಲೆ ಕೆಲಸದ ಮಾತಿಗೆ ಬಂದರು. ಪುಸ್ತಕ ಮತ್ತೆ ಅಚ್ಚು ಹಾಕಿಸುವಷ್ಟು ದುಡ್ಡಿಲ್ಲ, ಭಾನುವಾರವೂ ದೂರವಿಲ್ಲ. ಬಿಟ್ಟುಹೋದ ಸಾಲನ್ನು ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿಸಿ ಪುಟದ ತಳದಲ್ಲಿ ಅಂಟಿಸುವುದು. ಚೀಟಿಯ ಖರ್ಚನ್ನು ಡಿಟಿಪಿ ಅಂಗಡಿಯವನು ವಹಿಸಿಕೊಳ್ಳಬೇಕು, ಚಿತ್ರ ಉಬ್ಬಿಸಿದವನು ಅವನು. ಅಂಟಿಸುವ ಕೆಲಸ ಅತ್ತೆ ಸೊಸೆಯದು. ಅವನ ಹತ್ತಿರ ಮಾತಾಡಲು ಸಿಸ್ಟರ್ ತಾವೇ ಹೋದರು. ಅವನು ಅಂದು ರಾತ್ರಿಯೇ ಚೀಟಿ ಮುಗಿಸಿಕೊಟ್ಟ.

ಶನಿವಾರ ಇಡೀ ದಿನ ಅವರು ಆ ಕೋಣೆಯ ನೆಲದ ಮೇಲೆ ಕೂತು ಅಂಟಿಸಿದರು. ಸೊಸೆ ಪುಟ ಬಿಚ್ಚಿ ಗೋಂದು ಹಚ್ಚುವಳು, ಅತ್ತೆ ಚೀಟಿ ಇಟ್ಟು ಒತ್ತುವಳು. ಪುಟದ ಅಂಚು ಅವಳಿಗೆ ಕಾಣುತ್ತಿತ್ತಲ್ಲ, ಅಂಚಿನ ಕೆಲಸಕ್ಕೆ ಅಷ್ಟು ಸಾಕು. ಸಿಸ್ಟರ್ ಒಣಗಲು ಜೋಡಿಸುವರು. ನಡುವೆ ಒಮ್ಮೆ ಒಂದು ಪ್ರತಿಯನ್ನು ದೂರ ಹಿಡಿದು ನೋಡಿ, ಅಂಟಿಸಿದ ಸಾಲೇ ಮೊದಲು ಕಣ್ಣಿಗೆ ಹೊಡೆಯುತ್ತೆ, ಒಂದು ಲೆಕ್ಕಕ್ಕೆ ಇದೇ ವಾಸಿ ಎಂದರು. ಸಂಜೆ ಹೊರಡುವಾಗ, ನೀವು ಬಂದು ಹೇಳದೆ ಇದ್ದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ ಎಂದು ಮಾತ್ರ ಅಂದರು. ಅದು ಹೊಗಳಿಕೆಯೋ ದೂರೋ ಎಂದು ಅತ್ತೆ ದಾರಿಯುದ್ದಕ್ಕೂ ಯೋಚಿಸಿದಳು.

ಮನೆಗೆ ಬಂದು ಕೈಯ ಗೋಂದನ್ನು ಉಜ್ಜಿ ತೆಗೆಯುತ್ತ ಅತ್ತೆ ತೀರ್ಮಾನ ಹೇಳಿದಳು. ಇನ್ನು ಮೇಲೆ ಎರಡು ಟೀ ಬೇಡ, ಇಬ್ಬರಿದ್ದೂ ತಪ್ಪಿದ ಮೇಲೆ ಇಬ್ಬರ ಕೂಲಿ ಕೇಳುವ ಮುಖ ನನಗಿಲ್ಲ, ನೀನು ಒಂದು ಟೀಯ ಕೆಲಸ ಮಾಡಿಕೊಂಡು ಹೋಗು ಎಂದಳು. ಧ್ವನಿಯಲ್ಲಿ ಏನೂ ಇರಲಿಲ್ಲ, ಮುಚ್ಚಿದ ಪ್ರೆಸ್ಸಿನ ಬಗ್ಗೆ ಹೇಳುವಾಗಲೂ ಅವಳ ಧ್ವನಿ ಹೀಗೇ ಇರುತ್ತಿತ್ತು.

ಸೊಸೆ ದಿನವಿಡೀ ಅಂಟಿಸುವಾಗ ಬೇರೆಯದೇ ಲೆಕ್ಕ ಹಾಕಿದ್ದಳು.

"ಅತ್ತೆ, ಒಂದು ಟೀಗೆ ನಾನು ಮನಸ್ಸಿನಲ್ಲೇ ಓದಿದ್ರೆ ಈ ಸಾಲು ಸಿಗ್ತಿತ್ತಾ?"

"ಇಲ್ಲ."

"ಹಾಗಾದ್ರೆ ಕಿವಿ ತಪ್ಪಲಿಲ್ಲ. ನಿನ್ನೆ ಹಿಡಿದಿದ್ದೂ ಕಿವೀನೇ. ಕೆಟ್ಟಿರೋದು ನನ್ನ ಬಾಯಿ. ತುಂಬಾ ಕಲಿತುಬಿಟ್ಟಿದೆ. ನಿಮ್ಮ ಕಿವಿಗೆ ಏನೂ ಗೊತ್ತಿಲ್ಲದ ಬಾಯಿ ಬೇಕು."

"ಅಂಥದ್ದನ್ನ ಎಲ್ಲಿಂದ ತರೋದು" ಎಂದಳು ಅತ್ತೆ.

ಇಬ್ಬರೂ ಒಂದೇ ಹೊತ್ತಿಗೆ ನೆಲದ ಮೇಲೆ ಉರುಳಿದ್ದವನ ಕಡೆ ತಿರುಗಿದರು.

ಮಗ ಮೊದಲು ಇದನ್ನು ತಮಾಷೆ ಎಂದುಕೊಂಡ. ತಮಾಷೆಯಲ್ಲ ಎಂದು ಗೊತ್ತಾದಾಗ ವ್ಯಾಪಾರಕ್ಕೆ ಕೂತ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬಿಡುವಿರುತ್ತದೆ, ಕರೆಂಟು ಹೋದಾಗಲೂ ಇರುತ್ತದೆ, ಆದರೆ ನನಗೇನು ಸಿಗುತ್ತದೆ ಎಂದ. ಪುಟಕ್ಕೆ ಒಂದು ಟೀ ಎಂದಳು ಹೆಂಡತಿ.

"ನಾನು ಕೆಟ್ಟದಾಗಿ ಓದ್ತೀನಲ್ಲ."

"ಅದಕ್ಕೇ ಕೂಲಿ."

"ಕಲಿತುಬಿಟ್ಟರೆ?"

"ಹುಟ್ಟಿದಾಗಿನಿಂದ ಇವರ ಮಗ ನೀವು" ಎಂದಳು ಸೊಸೆ. "ಇಷ್ಟು ದಿನ ಕಲಿಯದವರು ಇನ್ನು ಕಲೀತೀರಾ?"

ಅಂದಿನಿಂದ ಆ ಮನೆಯಲ್ಲಿ ಎರಡು ಬಗೆಯ ಕೆಲಸ ನಡೆಯತೊಡಗಿತು. ಅರ್ಧ ದರಕ್ಕೆ ಬಂದವರದನ್ನು ಸೊಸೆ ಒಳಕೋಣೆಯಲ್ಲಿ ಒಬ್ಬಳೇ ಕೂತು ಕಣ್ಣಲ್ಲಿ ತಿದ್ದುವಳು. ಈಗ ಅವಳು ಕೆಲಸ ಹಿಡಿಯುವ ಮುಂಚೆಯೇ ಹೇಳಿಬಿಡುತ್ತಾಳೆ, ಒಂದು ಟೀಗೆ ಒಂದು ಟೀಯಷ್ಟೇ ಸಿಗುತ್ತದೆ, ನಾಳೆ ಬಂದು ಕೇಳಬೇಡಿ ಎಂದು. ಹೆಚ್ಚಿನವರಿಗೆ ಅಷ್ಟು ಸಾಕು, ಅವರ ಪುಸ್ತಕಕ್ಕೂ ಸಾಕು. ತಪ್ಪಿದರೆ ಯಾರಿಗಾದರೂ ನೋವಾಗುವಂಥದ್ದನ್ನು ಬರೆದವರು ಮಾತ್ರ ಎರಡು ಟೀ ಕೊಡುತ್ತಾರೆ. ಔಷಧಿಯದು, ಯಂತ್ರದ್ದು, ಮನೆ ಕಟ್ಟುವುದರದ್ದು, ಒಮ್ಮೊಮ್ಮೆ ತೀರಿಹೋದ ಹೆಂಡತಿಯ ಬಗ್ಗೆ ಬರೆದದ್ದು. ಸಿಸ್ಟರ್ ಭಾನುವಾರದ ಸಭೆಯಲ್ಲಿ ಚೀಟಿ ಹೇಗೆ ಬಂತೆಂಬುದನ್ನು ಇದ್ದದ್ದು ಇದ್ದ ಹಾಗೆ ಎಲ್ಲರಿಗೂ ಹೇಳಿದ್ದರು. ಅಲ್ಲಿಂದಲೇ ಇಬ್ಬರು ಬಂದರು.

ಮೊನ್ನೆ ಎರಡು ಟೀಗೆ ಬಂದದ್ದು, ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದವನೊಬ್ಬನ ಆತ್ಮಕಥೆ. ಮಗ ಬೆಳಿಗ್ಗೆ ಕಿಟಕಿಯ ಪಕ್ಕ ಕೂತು, ಬಿ, ರು, ಗಾ, ಳಿ ಎಂದು ಎಡವುತ್ತ ಹೊರಟಿದ್ದ. ಅತ್ತೆ ಹಿಡಿಯ ಕುರ್ಚಿಯಲ್ಲಿ ಒಂದು ಕಿವಿಯನ್ನು ಅವನ ಕಡೆ ಕೊಟ್ಟು ಕೂತಿದ್ದಳು. ಹಡಗು ಒಂದು ಕಡೆಗೆ ವಾಲಿತು, ಒಲೆಯ ಮೇಲಿನ ಕೊಪ್ಪರಿಗೆ ಜಾರಿತು, ಅಡುಗೆಯವನು ಅದನ್ನು ಬರಿಗೈಯಲ್ಲಿ ಹಿಡಿಯಲು ಹಾರಿದ. ಮಗ ಮುಂದೇನಾಯಿತೆಂಬ ಆತುರದಲ್ಲಿ ಮೂರ್ನಾಲ್ಕು ಸಾಲನ್ನು ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಓದಿಬಿಟ್ಟ.

ಅತ್ತೆಯ ಬೆರಳು ಎದ್ದಿತು.

"ತಪ್ಪು ಸಿಕ್ತಾ?" ಎಂದ ಅವನು.

"ಇಲ್ಲ. ಚೆನ್ನಾಗಿ ಓದ್ತಿದ್ದೀಯ" ಎಂದಳು ಅತ್ತೆ. "ವಾಪಸ್ ಹೋಗಿ, ಸರಿಯಾಗಿ ಎಡವಿ ಓದು."